ಸಭೆಯಲ್ಲಿ ‘ಇಲ್ಲ’ ಎಂದು ಓದಿದೆ, ಜನ ಚಪ್ಪಾಳೆ ತಟ್ಟಿದರು: ಮಾತಿನ ಕೊನೆ ಉಳಿಸಿಕೊಳ್ಳುವುದು ಹೇಗೆ?

ಸಂಘದ ಕಾರ್ಯದರ್ಶಿ, ಗದಗ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ಲೆಕ್ಕ ಬರೆಯುವುದು ಗೊತ್ತು, ಆಡಿಟ್ ಎದುರಿಸುವುದು ಗೊತ್ತು, ಮಾತನಾಡುವುದು ಗೊತ್ತಿಲ್ಲ. ಆದರೂ ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯಲ್ಲಿ ವರದಿ ಓದುವುದು ನನ್ನ ಪಾಲಿಗೇ ಬರುತ್ತದೆ.

ಕಳೆದ ವರ್ಷ ನಡೆದದ್ದು ಇಷ್ಟು. ‘ಸುಸ್ತಿ ಸಾಲದ ಮೇಲಿನ ಬಡ್ಡಿಯನ್ನು ಈ ಸಾಲಿನಲ್ಲಿ ಮನ್ನಾ ಮಾಡಲಾಗುವುದಿಲ್ಲ’ ಎಂದು ಓದಿದೆ. ಹಿಂದೆ ಕುಳಿತವರು ಚಪ್ಪಾಳೆ ತಟ್ಟಿದರು. ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಹೊತ್ತಿಗೆ ಹನ್ನೊಂದು ಜನ ಕಚೇರಿಯ ಕಟ್ಟೆಯ ಮೇಲೆ ಪಾಸ್‌ಬುಕ್ ಹಿಡಿದು ಕುಳಿತಿದ್ದರು. ಅವರಿಗೆ ‘ಮಾಡಲಾಗುವುದು’ ಎಂದಷ್ಟೇ ಕೇಳಿಸಿತ್ತು. ಅವರನ್ನು ಸಮಾಧಾನಪಡಿಸಲು ಒಂದು ವಾರ ಹಿಡಿಯಿತು. ಒಬ್ಬರು ಇಂದಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಈ ಸಲದ ಸಭೆಗೆ ಇನ್ನು ಏಳು ವಾರ ಇದೆ. ನನ್ನ ಕಷ್ಟಗಳು: ಕೈಯಲ್ಲಿ ಕಾಗದ ನಡುಗುತ್ತದೆ, ನಾಲ್ಕನೆಯ ಸಾಲಿಗೆ ಉಸಿರು ಸಾಲದು, ವಾಕ್ಯದ ಕೊನೆಗೆ ದನಿ ಬಾವಿಗೆ ಬಿದ್ದಂತೆ ಇಳಿದುಹೋಗುತ್ತದೆ. ಭಾಷಣಕಾರನಾಗುವ ಆಸೆ ಇಲ್ಲ. ನಾನು ಹೇಳಿದ್ದು ಹೇಳಿದಂತೆ ಕೊನೆಯ ಸಾಲಿಗೆ ಮುಟ್ಟಿದರೆ ಸಾಕು.

ನಿವೃತ್ತ ಮಾಸ್ತರ, ಹಾವೇರಿ

ಕಾರ್ಯದರ್ಶಿಗಳೇ, ಇದರಲ್ಲಿ ನಿಮ್ಮ ತಪ್ಪು ಅರ್ಧ, ಕನ್ನಡದ ಜಾಯಮಾನ ಅರ್ಧ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬಂದಿದ್ದಾರೆ, ಬಂದಿಲ್ಲ, ಬಂದಿರಬಹುದು, ಬರಬೇಕಿತ್ತು: ನಾಲ್ಕರಲ್ಲೂ ಮೊದಲ ಅಕ್ಷರ ಒಂದೇ, ವ್ಯತ್ಯಾಸವೆಲ್ಲ ಬಾಲದಲ್ಲಿ. ಉಸಿರು ಮುಗಿಯುವುದೂ ಅಲ್ಲಿಯೇ. ಚೀಲದಲ್ಲಿ ತೂತು ಎಲ್ಲಿದೆಯೋ ಅಲ್ಲಿಯೇ ಬೆಲ್ಲ ಇಟ್ಟಂತೆ ನಮ್ಮ ಭಾಷೆ ಕಟ್ಟಿಕೊಂಡಿದೆ. ಇಂಗ್ಲಿಷಿನವರಿಗೆ ಈ ಕಷ್ಟ ಕಡಿಮೆ, ಅವರ ‘ನಾಟ್’ ವಾಕ್ಯದ ನಡುವೆಯೇ ಬಂದುಹೋಗುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ಬರುವ ಭಾಷಣ ಕಲೆಯ ಸಲಹೆಗಳನ್ನು ಹಾಗೆಯೇ ಇಳಿಸಿಕೊಂಡರೆ ನಮ್ಮ ರೋಗಕ್ಕೆ ಮದ್ದು ಸಿಗದು.

ಮೂವತ್ತೊಂದು ವರ್ಷ ಮಕ್ಕಳಿಗೆ ಓದಿಸಿದವನು ನಾನು. ಗಟ್ಟಿಯಾಗಿ ಓದದ ಮಕ್ಕಳಿಗೆ ಒಂದು ಉಪಾಯ ಮಾಡುತ್ತಿದ್ದೆ: ವಾಕ್ಯವನ್ನು ಹಿಂದಿನಿಂದ ಕಟ್ಟಿಸುವುದು. ನಿಮ್ಮ ವಾಕ್ಯವನ್ನೇ ತೆಗೆದುಕೊಳ್ಳಿ.

ಮಾಡಲಾಗುವುದಿಲ್ಲ.
ಮನ್ನಾ ಮಾಡಲಾಗುವುದಿಲ್ಲ.
ಈ ಸಾಲಿನಲ್ಲಿ ಮನ್ನಾ ಮಾಡಲಾಗುವುದಿಲ್ಲ.
ಬಡ್ಡಿಯನ್ನು ಈ ಸಾಲಿನಲ್ಲಿ ಮನ್ನಾ ಮಾಡಲಾಗುವುದಿಲ್ಲ.

ಹೀಗೆ ಓದಿದಾಗ ನಾಲಿಗೆಗೆ ಕೊನೆಯ ಪದ ನಾಲ್ಕು ಸಲ ಸಿಗುತ್ತದೆ, ಮೊದಲ ಪದ ಒಂದೇ ಸಲ. ದಿನಕ್ಕೆ ಹತ್ತು ವಾಕ್ಯ ಮಾಡಿ. ಎರಡು ವಾರದಲ್ಲಿ ದನಿ ತಾನಾಗಿ ಕೊನೆಯವರೆಗೆ ನಡೆಯಲು ಕಲಿಯುತ್ತದೆ. ಕೊನೆಯ ಪದವನ್ನು ಕಿರುಚಬೇಕಿಲ್ಲ, ಕೈಬಿಡದಿದ್ದರೆ ಸಾಕು.

ಮೈಕ್‌ಸೆಟ್ ಅಂಗಡಿ, ಹಳೇ ಹುಬ್ಬಳ್ಳಿ

ಮಾಸ್ತರರು ಹೇಳಿದ್ದು ಸರಿ. ಆದರೆ ಮೈಕ್ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮದುವೆ, ಜಾತ್ರೆ, ರಾಜಕೀಯ ಸಭೆ, ಪ್ರವಚನ ಎಲ್ಲಕ್ಕೂ ಮೈಕ್ ಹಾಕುತ್ತಿದ್ದೇನೆ. ವೇದಿಕೆಯ ಪಕ್ಕದಲ್ಲಿ ಕುಳಿತವನಿಗೆ ಕಾಣುವುದು ಬೇರೆಯವರಿಗೆ ಕಾಣುವುದಿಲ್ಲ. ಕಾಗದ ಓದುವವರು ಸಾಲಿನ ಕೊನೆಗೆ ಬಂದಾಗ ತಲೆ ತಗ್ಗಿಸಿ ಮುಂದಿನ ಸಾಲು ಹುಡುಕುತ್ತಾರೆ. ಬಾಯಿ ಮೈಕ್ ಬಿಟ್ಟು ಎದೆಯ ಕಡೆಗೆ ಹೋಗುತ್ತದೆ. ನಿಮ್ಮ ‘ಇಲ್ಲ’ ಹೋದದ್ದು ಹಾಗೆಯೇ ಇರಬೇಕು.

ಮದ್ದು ಸುಲಭ. ವರದಿಯನ್ನು ದೊಡ್ಡ ಅಕ್ಷರದಲ್ಲಿ, ಪುಟದ ಮೇಲಿನ ಅರ್ಧದಲ್ಲಿ ಮಾತ್ರ ಮುದ್ರಿಸಿ. ಕೆಳಗಿನ ಅರ್ಧ ಖಾಲಿ ಬಿಡಿ. ಒಂದು ವಾಕ್ಯವೂ ಪುಟ ದಾಟಬಾರದು. ಕಾಗದವನ್ನು ರಟ್ಟಿನ ಮೇಲೆ ಇಟ್ಟು ಹಿಡಿಯಿರಿ, ನಡುಕ ಕಾಣುವುದೂ ಇಲ್ಲ, ಸದ್ದು ಮಾಡುವುದೂ ಇಲ್ಲ.

ಮೈಕ್ ಬಾಯಿಯಿಂದ ನಾಲ್ಕೈದು ಬೆರಳು ದೂರ ಇರಲಿ, ಸ್ವಲ್ಪ ಪಕ್ಕಕ್ಕೆ ಓರೆಯಾಗಿ. ನೇರ ಹಿಡಿದರೆ ಪ, ಫ, ಬ, ಭ ಬಂದಾಗಲೆಲ್ಲ ಗಾಳಿ ಬಡಿದು ‘ಧಪ್’ ಎನ್ನುತ್ತದೆ. ತೀರಾ ಹತ್ತಿರ ಹಿಡಿದರೆ ದನಿ ಗಡುಸಾಗಿ ಗುಂಯ್ಗುಡುತ್ತದೆ, ಅಕ್ಷರ ಒಡೆಯುವುದಿಲ್ಲ. ಸಿನಿಮಾ ಹಾಡುಗಾರರನ್ನು ನೋಡಿ ಮೈಕಿನ ಜಾಲರಿಯ ತಲೆಯನ್ನೇ ಮುಷ್ಟಿಯಲ್ಲಿ ಹಿಡಿಯುವವರು ಈಗ ಹೆಚ್ಚಾಗಿದ್ದಾರೆ. ಹಾಗೆ ಹಿಡಿದರೆ ಹಿಂದಿನ ರಂಧ್ರಗಳು ಮುಚ್ಚಿಹೋಗುತ್ತವೆ, ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಳ್ಳುತ್ತದೆ, ಕೂಡಲೇ ‘ಕುಂಯ್’ ಎಂದು ಕೂಗುತ್ತದೆ. ಆಗ ಎಲ್ಲರೂ ನೋಡುವುದು ನನ್ನ ಮುಖವನ್ನು!

ಇನ್ನೊಂದು ಮಾತು. ಸಭೆ ಬಯಲಿನಲ್ಲಿದ್ದರೆ ನಿಧಾನವಾಗಿ ಮಾತನಾಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ. ಒಂದು ಹಾರ್ನ್ ವೇದಿಕೆಯ ಹತ್ತಿರ, ಇನ್ನೊಂದು ನೂರು ಮೀಟರ್ ಆಚೆ ಇದ್ದರೆ, ಆಚೆ ಕುಳಿತವರಿಗೆ ನಿಮ್ಮ ಒಂದೊಂದು ಪದವೂ ಹತ್ತಿರದ ಹಾರ್ನಿನಿಂದ ಒಮ್ಮೆ, ವೇದಿಕೆಯ ಕಡೆಯಿಂದ ಕಾಲು ಸೆಕೆಂಡಿಗೂ ತಡವಾಗಿ ಇನ್ನೊಮ್ಮೆ ಕೇಳಿಸುತ್ತದೆ. ಅವಸರದಲ್ಲಿ ಓದಿದರೆ ಈ ವಾಕ್ಯದ ಬಾಲದ ಮೇಲೆ ಮುಂದಿನ ವಾಕ್ಯದ ತಲೆ ಏರಿ ಕುಳಿತುಕೊಳ್ಳುತ್ತದೆ.

ಕೊನೆಯ ಸಾಲಿನ ಕೇಳುಗ, ಧಾರವಾಡ

ನಾನು ಧಾರವಾಡದವನು, ಅಂದರೆ ಭಾಷಣ ಕೇಳುವುದೇ ನಮ್ಮ ಊರಿನ ಕಸುಬು. ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದೆ, ಆಕಾಶವಾಣಿ 1950ರಿಂದ ನಮ್ಮ ಕಿವಿಯಲ್ಲಿದೆ. ಇಷ್ಟೆಲ್ಲ ಇದ್ದೂ ಹೇಳುತ್ತೇನೆ, ನಿಮ್ಮ ದನಿಯ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಷೇರುದಾರರು ಬಂದಿರುವುದು ಲಾಭಾಂಶ ಎಷ್ಟು ಎಂದು ಕೇಳುವುದಕ್ಕೆ, ಆಮೇಲೆ ಊಟಕ್ಕೆ. ನೀವು ಅದಕ್ಕೂ ಮೊದಲು ವೇದಿಕೆಯ ಮೇಲಿನ ಹದಿನೇಳು ಗಣ್ಯರ ಹೆಸರನ್ನು ಬಿರುದುಗಳ ಸಮೇತ ಓದಿ, ನಾಡಗೀತೆ, ರೈತಗೀತೆ, ಸ್ವಾಗತ, ಪ್ರಾಸ್ತಾವಿಕ, ಮಾಲಾರ್ಪಣೆ ಎಲ್ಲ ಮುಗಿಸಿ, ಜನರ ಕಿವಿ ಸತ್ತ ಮೇಲೆ ಬಡ್ಡಿಯ ವಿಷಯಕ್ಕೆ ಬರುತ್ತೀರಿ. ಆಗ ಸಾಕ್ಷಾತ್ ಸರಸ್ವತಿಯೇ ಓದಿದರೂ ಯಾರಿಗೂ ಕೇಳಿಸದು.

ಇನ್ನು ‘ಮನ್ನಾ ಮಾಡಲಾಗುವುದಿಲ್ಲ’. ಇದು ಯಾರ ಮಾತು? ನಿಮ್ಮ ಮನೆಯಲ್ಲಿ ಯಾರಾದರೂ ‘ಇಂದು ರೊಟ್ಟಿ ಮಾಡಲಾಗುವುದು’ ಎನ್ನುತ್ತಾರೆಯೇ? ಕಚೇರಿಯ ಸುತ್ತೋಲೆಯ ಭಾಷೆಯನ್ನು ಬಾಯಿಗೆ ಹಾಕಿಕೊಂಡಿದ್ದರಿಂದಲೇ ಎಡವಟ್ಟಾಯಿತು. ‘ಮಾಡಲಾಗುವುದು’ ಮತ್ತು ‘ಮಾಡಲಾಗುವುದಿಲ್ಲ’ ಎರಡೂ ಮುಕ್ಕಾಲು ಭಾಗ ಒಂದೇ ಪದ. ನಾವು ಮಾತನಾಡುವ ಕನ್ನಡದಲ್ಲಿ ಹೌದಿಗೂ ಇಲ್ಲಕ್ಕೂ ಇಷ್ಟು ಸಮೀಪದ ನೆಂಟಸ್ತಿಕೆ ಇಲ್ಲ. ನೇರವಾಗಿ ಹೇಳಿ: ‘ಬಡ್ಡಿ ಮನ್ನಾ ಇಲ್ಲ. ಈ ವರ್ಷವೂ ಬಡ್ಡಿ ಕಟ್ಟಬೇಕು.’ ಎರಡು ವಾಕ್ಯ, ಒಂದೇ ಸಂಗತಿ. ಒಂದು ತಪ್ಪಿದರೂ ಇನ್ನೊಂದು ಸಿಗುತ್ತದೆ.

ನಿವೃತ್ತ ಮಾಸ್ತರ, ಹಾವೇರಿ

ಕೇಳುಗರೇ, ರೊಟ್ಟಿಯ ಉದಾಹರಣೆಗೆ ನಕ್ಕೆ. ನಾನು ವಾಕ್ಯವನ್ನು ಸರಿಯಾಗಿ ಓದಿಸಲು ಹೊರಟಿದ್ದೆ, ನೀವು ಆ ವಾಕ್ಯವೇ ಬೇಡ ಎಂದಿರಿ. ನಿಮ್ಮದೇ ಸರಿ. ಆದರೂ ಹಿಂದಿನಿಂದ ಓದುವ ಅಭ್ಯಾಸ ಬಿಡಬೇಡಿ ಕಾರ್ಯದರ್ಶಿಗಳೇ, ‘ಇಲ್ಲ’ವನ್ನು ಎಷ್ಟು ಮುಂದೆ ತಂದರೂ ಕನ್ನಡದಲ್ಲಿ ಅದು ಕೊನೆಗೇ ಬಂದು ಕೂರುತ್ತದೆ.

ರಂಗದ ಹಿಂದೆ, ಧಾರವಾಡ

ಹವ್ಯಾಸಿ ರಂಗಭೂಮಿಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ನಮಗೆ ಕಲಿಸಿದವರು ‘ಬಾಲ ನುಂಗಬೇಡ’ ಎಂದು ದಿನವೂ ಬೈಯುತ್ತಿದ್ದರು, ಅದೇ ಈ ರೋಗ. ಕಾರ್ಯದರ್ಶಿಗಳೇ, ನಿಮ್ಮ ಊರಿನ ಕಡೆಯವರೇ ಆದ ಗರುಡ ಸದಾಶಿವರಾಯರ ಕಾಲದ ಕಂಪನಿ ನಾಟಕಗಳಲ್ಲಿ ಮೈಕ್ ಇರಲಿಲ್ಲ. ಥಿಯೇಟರಿನ ಕೊನೆಯಲ್ಲಿ ಚಾಪೆಯ ಮೇಲೆ ಕುಳಿತವನೂ ದುಡ್ಡು ಕೊಟ್ಟೇ ಬಂದಿರುತ್ತಿದ್ದ, ಅವನಿಗೂ ಮಾತು ಮುಟ್ಟಬೇಕಿತ್ತು. ಕೂಗಿದರೆ ಮುಟ್ಟುವುದಿಲ್ಲ. ಕೂಗಿದಾಗ ಸ್ವರ ಮಾತ್ರ ದೊಡ್ಡದಾಗುತ್ತದೆ, ವ್ಯಂಜನ ಹಾಗೆಯೇ ಉಳಿಯುತ್ತದೆ. ಅರ್ಥ ಹೊತ್ತಿರುವುದು ವ್ಯಂಜನ. ತುಟಿ, ನಾಲಿಗೆ, ಹಲ್ಲು ಕೆಲಸ ಮಾಡಿದರೆ ಮೆಲ್ಲಗೆ ಆಡಿದ ಮಾತೂ ದೂರ ಹೋಗುತ್ತದೆ.

ಉಸಿರಿಗೆ ಒಂದು ಪಾಠ. ಬೆನ್ನ ಮೇಲೆ ಮಲಗಿ ಹೊಟ್ಟೆಯ ಮೇಲೆ ಒಂದು ದಪ್ಪ ಪುಸ್ತಕ ಇಡಿ. ಉಸಿರು ಎಳೆದಾಗ ಪುಸ್ತಕ ಮೇಲೇರಬೇಕು, ಭುಜ ಅಲುಗಬಾರದು. ನಂತರ ‘ಸ್’ ಎಂದು ಒಂದೇ ಸಮನೆ ಬಿಡುತ್ತ ಮನಸ್ಸಿನಲ್ಲಿ ಎಣಿಸಿ. ಮೊದಲ ದಿನ ಹತ್ತಕ್ಕೆ ನಿಂತರೆ ಬೇಸರ ಬೇಡ. ಎಷ್ಟಕ್ಕೆ ನಿಂತಿತು ಎಂಬುದಕ್ಕಿಂತ ಕೊನೆಯ ಎಣಿಕೆಯಲ್ಲೂ ಸದ್ದು ಮೊದಲಿನಷ್ಟೇ ಗಟ್ಟಿ ಇತ್ತೇ ಎಂಬುದನ್ನು ನೋಡಿ. ಸಭೆಯಲ್ಲಿ ಹೆದರಿದಾಗ ಉಸಿರು ಎದೆಯ ಮೇಲ್ಭಾಗಕ್ಕೆ ಬಂದು ನಿಲ್ಲುತ್ತದೆ. ಕೈ ನಡುಗುವುದೂ ದನಿ ನಡುಗುವುದೂ ಅಲ್ಲಿಂದಲೇ ಶುರು.

ಕೊನೆಯ ಸಾಲಿನ ಕೇಳುಗ, ಧಾರವಾಡ

ದಯವಿಟ್ಟು ಅವರನ್ನು ನಟನನ್ನಾಗಿ ಮಾಡಬೇಡಿ. ನಾಟಕ ಕಲಿತವರು ಓದಿದ ವಾರ್ಷಿಕ ವರದಿಯನ್ನು ಒಮ್ಮೆ ಕೇಳಿದ್ದೇನೆ. ‘ಗೊಬ್ಬರದ ದಾಸ್ತಾನು’ ಎನ್ನುವಾಗ ಕಣ್ಣಲ್ಲಿ ನೀರು ಬರುವುದೊಂದು ಬಾಕಿ ಇತ್ತು.

ರಂಗದ ಹಿಂದೆ, ಧಾರವಾಡ

ಒಪ್ಪಿದೆ. ಉಸಿರು ಕಲಿಯಿರಿ, ಕಣ್ಣೀರು ಬೇಡ.

ಅಕ್ಕೋರು, ರಾಣೆಬೆನ್ನೂರು

ಗಂಡಸರೆಲ್ಲ ಉಸಿರು, ಮೈಕ್ ಎನ್ನುತ್ತಿದ್ದೀರಿ. ನನ್ನ ಅನುಭವ ಬೇರೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಮಾರಂಭದಲ್ಲಿ ‘ಬಾಷಣ’ ಎಂದುಬಿಟ್ಟೆ. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ಮೈಕಿನಲ್ಲಿಯೇ ತಿದ್ದಿದರು, ಸಭೆ ನಕ್ಕಿತು. ಆಮೇಲೆ ಆರು ವರ್ಷ ನಾನು ಮೈಕ್ ಮುಟ್ಟಲಿಲ್ಲ. ಮುಟ್ಟಿದಾಗ ಹೆದರಿಕೆಗೆ ಎಲ್ಲ ಕಡೆ ಮಹಾಪ್ರಾಣ ಹಾಕತೊಡಗಿದೆ: ‘ಭಾಹ್ಯ’, ‘ಭೃಹತ್’. ಅದಕ್ಕೂ ನಕ್ಕರು. ಜನ ನಗುತ್ತಾರೆಂದು ಬಾಯಿ ಅರ್ಧ ತೆರೆದು ಮಾತನಾಡುವ ಹೆಣ್ಣುಮಕ್ಕಳನ್ನು ನಮ್ಮ ಸ್ವಸಹಾಯ ಸಂಘಗಳಲ್ಲಿ ಎಷ್ಟೋ ನೋಡಿದ್ದೇನೆ. ಅವರ ದನಿ ಸಣ್ಣದಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಕರೆಯುವವರು ಅವರು. ಮೈಕ್ ಕೊಟ್ಟೊಡನೆ ದನಿ ಒಳಗೆ ಹೋಗುತ್ತದೆ.

ಕಾರ್ಯದರ್ಶಿಗಳೇ, ನಿಮ್ಮ ದನಿ ಬಾವಿಗೆ ಬೀಳುವುದು ಉಸಿರಿಲ್ಲದೆಯೋ, ಹೇಳಲು ಇಷ್ಟವಿಲ್ಲದ ಮಾತನ್ನು ಹೇಳಬೇಕಾಗಿ ಬಂದಿದ್ದರಿಂದಲೋ? ‘ಇಲ್ಲ’ ಎನ್ನಲು ನಿಮಗೇ ಸಂಕೋಚವಾಗಿರಬೇಕು. ಎದುರು ಕುಳಿತವರು ನಿಮ್ಮ ಕಾಕಾ, ಮಾಮಾ, ಬೀಗರು. ಬೇರೆ ವಾಕ್ಯಗಳ ಕೊನೆಯೂ ಹೀಗೆಯೇ ಬೀಳುತ್ತದೆಯೇ ನೋಡಿಕೊಳ್ಳಿ.

ಇನ್ನೊಂದು ಹೇಳಬೇಕು. ನಮ್ಮ ತಾಲ್ಲೂಕಿನ ದೇವರಗುಡ್ಡದಲ್ಲಿ ಕಾರ್ಣಿಕ, ಅಂದರೆ ವರ್ಷದ ಭವಿಷ್ಯವಾಣಿ, ಕೇಳಿದ್ದೀರಾ? ಗೊರವಪ್ಪ ಬಿಲ್ಲು ಏರಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟು ಹೊತ್ತು ಗದ್ದಲ ಮಾಡುತ್ತಿದ್ದ ಜನಸಾಗರ ಕ್ಷಣದಲ್ಲಿ ಸ್ತಬ್ಧ. ನಂತರ ಒಂದೇ ವಾಕ್ಯ, ನಾಲ್ಕೈದು ಪದ, ಮುಗಿಯಿತು. ಆ ಒಂದು ವಾಕ್ಯಕ್ಕೆ ಜನ ವರ್ಷವಿಡೀ ಅರ್ಥ ಹಚ್ಚುತ್ತ ಕೂರುತ್ತಾರೆ. ನಾನು ತರಗತಿಯಲ್ಲಿ ಅದನ್ನೇ ಮಾಡುತ್ತೇನೆ. ಮುಖ್ಯವಾದ ಮಾತಿಗೆ ಮೊದಲು ಸುಮ್ಮನೆ ನಿಲ್ಲುತ್ತೇನೆ. ಮಕ್ಕಳು ‘ಅಕ್ಕೋರಿಗೆ ಏನಾಯಿತು’ ಎಂದು ತಲೆ ಎತ್ತುತ್ತಾರೆ. ಆಗ ಹೇಳುತ್ತೇನೆ.

ದಲಾಲಿ ಅಂಗಡಿ ಗುಮಾಸ್ತ, ಬ್ಯಾಡಗಿ

ನನ್ನದು ಚಿಕ್ಕ ಸೇರಿಕೆ. ವರದಿ ಎಂದರೆ ಅಂಕಿ. ಮೆಣಸಿನಕಾಯಿ ದರವನ್ನು ದಿನಕ್ಕೆ ಐವತ್ತು ಸಲ ಫೋನಿನಲ್ಲಿ ಹೇಳುವವನು ನಾನು. ಕನ್ನಡದಲ್ಲಿ ಅತಿ ಅಪಾಯದ ಜೋಡಿ ಇಪ್ಪತ್ತು ಮತ್ತು ಎಪ್ಪತ್ತು. ಒಂದು ಸ್ವರದ ವ್ಯತ್ಯಾಸ, ಐವತ್ತರ ನಷ್ಟ. ಇಪ್ಪತ್ತೈದು ಸಾವಿರ ಎಂದು ನಾನು ಹೇಳಿ, ಅತ್ತ ಕಡೆಯವರು ಎಪ್ಪತ್ತೈದು ಎಂದು ಬರೆದುಕೊಂಡ ದಿನ ನನ್ನ ಕೆಲಸವೇ ಹೋಗುವುದಿತ್ತು. ಅಂದಿನಿಂದ ‘ಇಪ್ಪತ್ತೈದು, ಎರಡು ಐದು’ ಎಂದು ಬಿಡಿಸಿ ಹೇಳುತ್ತೇನೆ. ಇನ್ನು ಒಂದು ಕೋಟಿ ಮೂವತ್ತೇಳು ಲಕ್ಷ ನಲವತ್ತೆರಡು ಸಾವಿರದ ಆರುನೂರ ಹದಿನೆಂಟು ರೂಪಾಯಿ ಎಂದು ಸಭೆಯಲ್ಲಿ ಓದಬೇಡಿ. ಅಚ್ಚಾದ ವರದಿಯಲ್ಲಿ ಅದು ಇರುತ್ತದೆ. ಬಾಯಿಯಲ್ಲಿ ‘ಒಂದು ಕೋಟಿ ಮೂವತ್ತೇಳು ಲಕ್ಷ’ ಸಾಕು.

ಗದುಗಿನ ಓದು

ನಮ್ಮ ಗದುಗಿನಲ್ಲಿ ವೀರನಾರಾಯಣನ ಗುಡಿ ಇರುವಾಗ ಉಸಿರಿನ ಪಾಠಕ್ಕೆ ಧಾರವಾಡಕ್ಕೆ ಯಾಕೆ ಹೋಗಬೇಕು? ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಗಟ್ಟಿಯಾಗಿ ಓದಿ. ಮೊದಲೆರಡು ಸಾಲಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆ, ಮೂರನೆಯದಕ್ಕೆ ಇಪ್ಪತ್ತಮೂರು. ಮತ್ತೆ ಹಾಗೆಯೇ ಇನ್ನರ್ಧ. ಚಿಕ್ಕದು, ಚಿಕ್ಕದು, ಆಮೇಲೆ ಉದ್ದದ್ದು. ಅರ್ಧ ಪದ್ಯ, ಅಂದರೆ ಐವತ್ತೊಂದು ಮಾತ್ರೆ, ಒಂದೇ ಉಸಿರಿನಲ್ಲಿ ಓದಲು ಹೋದರೆ ಮೂರನೆಯ ಸಾಲಿನ ನಡುವೆ ಉಸಿರು ಕೈಕೊಡುತ್ತದೆ. ಕೊನೆಗೆ ಎಂದು ಉಳಿಸಿಕೊಳ್ಳುವುದನ್ನು ಪದ್ಯವೇ ಕಲಿಸುತ್ತದೆ. ದಿನಕ್ಕೆ ಐದು ಪದ್ಯ, ಒಂದು ತಿಂಗಳು. ಆಮೇಲೆ ನಿಮ್ಮ ವರದಿಯ ಯಾವ ವಾಕ್ಯವೂ ಉದ್ದ ಎನಿಸದು. ಅರ್ಥವಾಗದ ಪದಗಳಿಗೆ ಹೆದರಬೇಡಿ. ಆದರೆ ವರದಿಯನ್ನು ರಾಗದಲ್ಲಿ ಓದಬೇಡಿ, ಧಾರವಾಡದವರು ಬೈಯುತ್ತಾರೆ.

ಗಂಟಲಿನ ವೈದ್ಯೆ, ಹುಬ್ಬಳ್ಳಿ

ಅಭ್ಯಾಸ ಮಾಡುವವರಿಗೆ ಎರಡು ಮಾತು. ಪದೇಪದೇ ‘ಹ್ಞುಂ’ ಎಂದು ಗಂಟಲು ಕೆರೆಯಬೇಡಿ, ಧ್ವನಿತಂತುಗಳು ಒಂದಕ್ಕೊಂದು ಬಡಿದು ಊದಿಕೊಳ್ಳುತ್ತವೆ. ಒಂದು ಗುಟುಕು ನೀರು ಕುಡಿದು ನುಂಗಿ. ದನಿ ಒಡೆದಾಗ ಪಿಸುಮಾತಿನಲ್ಲಿ ಮಾತನಾಡುವುದು ವಿಶ್ರಾಂತಿಯಲ್ಲ, ಸುಮ್ಮನಿರುವುದು ವಿಶ್ರಾಂತಿ. ಮೂರು ವಾರ ದಾಟಿದರೂ ದನಿ ಒಡಕಾಗಿಯೇ ಇದ್ದರೆ, ಅದರಲ್ಲೂ ಗುಟಕಾ, ಬೀಡಿ ಅಭ್ಯಾಸವಿದ್ದರೆ, ಮನೆಮದ್ದು ಬಿಟ್ಟು ಗಂಟಲು ತೋರಿಸಿಕೊಳ್ಳಿ.

ಸಂಘದ ಕಾರ್ಯದರ್ಶಿ, ಗದಗ ತಾಲ್ಲೂಕು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಓದಿದೆ. ಸಂಘದ ಗೋದಾಮಿನಲ್ಲಿ ಸಂಜೆ ಬಾಗಿಲು ಹಾಕಿಕೊಂಡು ಓದುತ್ತೇನೆ. ಮೊಬೈಲನ್ನು ಯೂರಿಯಾ ಚೀಲಗಳ ಆಚೆ ಕೊನೆಯಲ್ಲಿ ಇಟ್ಟು ರೆಕಾರ್ಡ್ ಮಾಡಿಕೊಂಡೆ. ಮೊದಲ ದಿನ ಕೇಳಿದಾಗ ನನ್ನ ದನಿ ನನಗೇ ಅಸಹ್ಯವಾಯಿತು. ಒಂದು ಗಮನಿಸಿದೆ: ಆಡಿಟ್ ವರ್ಗೀಕರಣ ‘ಅ’ ಬಂದಿದೆ ಎನ್ನುವಾಗ ವಾಕ್ಯದ ಕೊನೆ ಸ್ಪಷ್ಟ. ಸುಸ್ತಿದಾರರ ವಿಷಯಕ್ಕೆ ಬಂದಾಗ ಮಾತ್ರ ದನಿ ಇಳಿಯುತ್ತದೆ. ಅಕ್ಕೋರೇ, ನೀವು ನನ್ನನ್ನು ನೋಡದೆಯೇ ಹಿಡಿದುಬಿಟ್ಟಿರಿ. ನನ್ನ ಜೊತೆ ಮಾತು ಬಿಟ್ಟವರು ನನ್ನ ಸೋದರಮಾವನೇ. ಅವರದ್ದೂ ಸುಸ್ತಿ ಸಾಲ ಇದೆ.

ಉಸಿರಿನ ಅಭ್ಯಾಸ ಹನ್ನೆರಡರಿಂದ ಇಪ್ಪತ್ತೆರಡಕ್ಕೆ ಬಂದಿದೆ. ಎರಡು ಎರಡು, ಗುಮಾಸ್ತರೇ.

ಕೊನೆಯ ಸಾಲಿನ ಕೇಳುಗ, ಧಾರವಾಡ

ಮಾವನಿಗೆ ಸಭೆಗೆ ಮೊದಲೇ ಮನೆಗೆ ಹೋಗಿ ಹೇಳಿಬಿಡಿ. ಕೆಟ್ಟ ಸುದ್ದಿಯನ್ನು ಮೊದಲ ಸಲ ಮೈಕಿನಲ್ಲಿ ಹೇಳುವುದು ಕಷ್ಟ, ಎರಡನೆಯ ಸಲ ಅಷ್ಟು ಕಷ್ಟವಲ್ಲ.

ಮೈಕ್‌ಸೆಟ್ ಅಂಗಡಿ, ಹಳೇ ಹುಬ್ಬಳ್ಳಿ

ಖಾಲಿ ಗೋದಾಮಿನಲ್ಲಿ ದನಿ ಮಾರ್ದನಿಸುತ್ತದೆ, ಅದಕ್ಕೆ ಹೆದರಬೇಡಿ. ಜನ ತುಂಬಿದರೆ ಅವರ ಮೈ, ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತವೆ. ಸಭೆಯ ದಿನ ಅರ್ಧ ಗಂಟೆ ಮೊದಲು ಹೋಗಿ ಮೈಕಿನಲ್ಲಿ ನಿಮ್ಮ ವರದಿಯ ಒಂದು ವಾಕ್ಯವನ್ನೇ ಓದಿ ನೋಡಿ. ‘ಹಲೋ ಹಲೋ, ಒಂದು ಎರಡು ಮೂರು’ ಎಂದರೆ ನನಗೂ ಏನೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.

ಸಂಘದ ಕಾರ್ಯದರ್ಶಿ, ಗದಗ ತಾಲ್ಲೂಕು

ನಿನ್ನೆ ಸಭೆ ಮುಗಿಯಿತು.

ಹಿಂದಿನ ದಿನ ಮಾವನ ಮನೆಗೆ ಹೋಗಿದ್ದೆ. ಚಹಾ ಕೊಟ್ಟರು, ಮಾತನಾಡಲಿಲ್ಲ. ನಾನೇ ಹೇಳಿ ಬಂದೆ. ಅಧ್ಯಕ್ಷರನ್ನು ಒಪ್ಪಿಸಿ ಗಣ್ಯರ ಹೆಸರುಗಳನ್ನು ಆರಕ್ಕೆ ಇಳಿಸಿದೆ (ಏಳನೆಯವರು ಮುನಿಸಿಕೊಂಡಿದ್ದಾರೆ, ಅದು ಬೇರೆ ಕತೆ). ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಶುರುವಾದದ್ದನ್ನು ಪ್ರತಿ ವರ್ಷ ಒಂದು ಪುಟ ಓದುತ್ತಿದ್ದೆ, ಈ ಸಲ ಒಂದೇ ವಾಕ್ಯ ಓದಿದೆ. ಲಾಭಾಂಶ ಮೊದಲು ಹೇಳಿದೆ. ನಂತರ ಕಾಗದ ಕೆಳಗಿಟ್ಟೆ. ಸುಮ್ಮನೆ ನಿಂತೆ. ಮೂರು ಸೆಕೆಂಡ್ ಇರಬೇಕು, ನನಗೆ ಮೂರು ಗಂಟೆ ಎನಿಸಿತು. ಅಡುಗೆ ಕಡೆಯ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು. ‘ಬಡ್ಡಿ ಮನ್ನಾ ಇಲ್ಲ. ಈ ವರ್ಷವೂ ಬಡ್ಡಿ ಕಟ್ಟಬೇಕು’ ಎಂದೆ. ಮತ್ತೆ ನಿಂತೆ.

ಕೊನೆಯ ಸಾಲಿನಿಂದ ಮಾವ ಎದ್ದು ನಿಂತು, ‘ಕೇಳಿಸಿತು, ಮುಂದಿನದು ಓದು’ ಎಂದರು. ಒಂದು ವರ್ಷದ ನಂತರ ನನ್ನ ಜೊತೆ ಆಡಿದ ಮೊದಲ ಮಾತು ಅದು.

ಅಕ್ಕೋರು, ರಾಣೆಬೆನ್ನೂರು

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ಮೈಕ್‌ಸೆಟ್ ಅಂಗಡಿ, ಹಳೇ ಹುಬ್ಬಳ್ಳಿ

ಎಲ್ಲ ಸರಿ, ಮೈಕ್ ಯಾರದ್ದು ಹಾಕಿಸಿದ್ದಿರಿ?